ಎರಡನೇ ಎಲ್‌ಡ್ಯಾಪ್ ಸರ್ವರ್ ಇದೆಯೆಂದು ನಿಶ್ಚಿಂತೆಯಿಂದ ಇರಬೇಡಿ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಲಾಗಿನ್‌ಗೆ ಎಲ್‌ಡ್ಯಾಪ್ (ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಇಡುವ ಡೈರೆಕ್ಟರಿ ಸರ್ವರ್ ಜೊತೆ ಮಾತಾಡುವ ವಿಧಾನ) ಬಳಸುವವರು ದಯವಿಟ್ಟು ಇದನ್ನು ಓದಿ. ನಮ್ಮಲ್ಲಿ ಮುಖ್ಯ ಡೈರೆಕ್ಟರಿ ಸರ್ವರ್ ಕೈಕೊಟ್ಟಾಗ, ಎರಡನೆಯದು ಸರಿಯಾಗಿ ಓಡುತ್ತಿದ್ದರೂ ಯಾರಿಗೂ ಡೇಟಾಬೇಸ್ ಒಳಗೆ ಹೋಗಲಾಗಲಿಲ್ಲ.

ಸೆಟಪ್‌ನಲ್ಲಿ ಮೇಲ್ನೋಟಕ್ಕೆ ದೋಷವಿರಲಿಲ್ಲ. ಯಾರು ಹೇಗೆ ಲಾಗಿನ್ ಆಗಬೇಕೆಂದು ಪೋಸ್ಟ್‌ಗ್ರೆಸ್‌ಗೆ ಹೇಳುವ ಪಿಜಿ-ಎಚ್‌ಬಿಎ ಕಡತದ ಒಂದೇ ಸಾಲಿನಲ್ಲಿ ಎರಡೂ ಸರ್ವರ್‌ಗಳ ಹೆಸರಿತ್ತು, ನಡುವೆ ಸ್ಪೇಸ್, ಸುತ್ತ ಉದ್ಧರಣ ಚಿಹ್ನೆ. (ಸರ್ವರ್‌ಗೊಂದರಂತೆ ಎರಡು ಸಾಲು ಬರೆದರೆ ಪ್ರಯೋಜನವಿಲ್ಲ. ಹೊಂದಿಕೆಯಾದ ಮೊದಲ ಸಾಲಿನಲ್ಲಿ ಲಾಗಿನ್ ವಿಫಲವಾದರೆ ಪೋಸ್ಟ್‌ಗ್ರೆಸ್ ಮುಂದಿನ ಸಾಲನ್ನು ನೋಡುವುದೇ ಇಲ್ಲ.) ಸೆಟಪ್ ಮಾಡಿಕೊಟ್ಟವರು ಪರೀಕ್ಷೆಯನ್ನೂ ತೋರಿಸಿದ್ದರು: ಮೊದಲ ಸರ್ವರ್‌ನಲ್ಲಿ ಸರ್ವಿಸ್ ನಿಲ್ಲಿಸಿದರು, ಎರಡನೆಯದರಿಂದ ಕ್ಷಣದಲ್ಲಿ ಲಾಗಿನ್ ಆಯಿತು.

ಆ ಪರೀಕ್ಷೆಯನ್ನು ನಂಬಬೇಡಿ. ಸರ್ವಿಸ್ ನಿಂತಿದ್ದರೂ ಯಂತ್ರ ಓಡುತ್ತಿದ್ದರೆ 'ಕನೆಕ್ಷನ್ ರಿಫ್ಯೂಸ್ಡ್' ಎಂಬ ಉತ್ತರ ತಕ್ಷಣ ಬರುತ್ತದೆ, ಪೋಸ್ಟ್‌ಗ್ರೆಸ್ ಬಳಸುವ ಎಲ್‌ಡ್ಯಾಪ್ ಲೈಬ್ರರಿ ಮುಂದಿನ ಸರ್ವರ್‌ಗೆ ಹೋಗುತ್ತದೆ. ಯಂತ್ರವೇ ನಿಂತಾಗ, ಅಥವಾ ಫೈರ್‌ವಾಲ್ ಪ್ಯಾಕೆಟ್ ನುಂಗಿದಾಗ, ಯಾವ ಉತ್ತರವೂ ಬರುವುದಿಲ್ಲ. ಡೀಫಾಲ್ಟ್ ಸೆಟಿಂಗ್‌ನಲ್ಲಿ ಲಿನಕ್ಸ್ ಒಂದು ನಿಮಿಷ ದಾಟಿದರೂ ಕಾಯುತ್ತದೆ, ಹಳೆಯ ಕರ್ನಲ್‌ಗಳಲ್ಲಿ 127 ಸೆಕೆಂಡು. ಪೋಸ್ಟ್‌ಗ್ರೆಸ್‌ನ ಅಥೆಂಟಿಕೇಶನ್ ಟೈಮ್‌ಔಟ್ (ಲಾಗಿನ್ ಮುಗಿಸಲು ಇರುವ ಗಡುವು) ಮಾತ್ರ 60 ಸೆಕೆಂಡು. ಎರಡನೇ ಸರ್ವರ್‌ನ ಸರದಿ ಬರುವ ಮೊದಲೇ ಲಾಗಿನ್ ರದ್ದಾಗುತ್ತದೆ.

ಇನ್ನೂ ಕೆಟ್ಟದ್ದೆಂದರೆ, ಹಾಗೆ ಕಾಯುವ ಪ್ರತಿ ಲಾಗಿನ್ ಒಂದು ಕನೆಕ್ಷನ್ ಸ್ಲಾಟ್ (ಒಮ್ಮೆಗೆ ಇಷ್ಟೇ ಎಂಬ ಸಂಪರ್ಕಗಳ ಮಿತಿಯಲ್ಲಿ ಒಂದು ಜಾಗ) ಹಿಡಿದಿಟ್ಟುಕೊಳ್ಳುತ್ತದೆ. ಅಪ್ಲಿಕೇಶನ್‌ಗಳು ಮತ್ತೆ ಮತ್ತೆ ಪ್ರಯತ್ನಿಸಿದಂತೆ ಸ್ಲಾಟ್‌ಗಳೆಲ್ಲ ತುಂಬಿ, ಎಲ್‌ಡ್ಯಾಪ್‌ಗೆ ಸಂಬಂಧವೇ ಇಲ್ಲದ ಖಾತೆಗಳಿಗೂ 'ಟೂ ಮೆನಿ ಕ್ಲೈಂಟ್ಸ್' ಬರತೊಡಗಿತು. ಸೂಪರ್‌ಯೂಸರ್‌ಗೆ ಮೀಸಲಿಟ್ಟ ಸ್ಲಾಟ್‌ಗಳೂ ಉಳಿಯಲಿಲ್ಲ, ಏಕೆಂದರೆ ಅವುಗಳ ತಪಾಸಣೆ ನಡೆಯುವುದು ಪಾಸ್‌ವರ್ಡ್ ದೃಢೀಕರಣ ಮುಗಿದ ಮೇಲೆ.

ಪರಿಹಾರ ಒಂದೇ ಸಾಲಿನದು. ಡೇಟಾಬೇಸ್ ಯಂತ್ರದ ಎಲ್‌ಡ್ಯಾಪ್ ಕ್ಲೈಂಟ್ ಕಾನ್ಫಿಗ್ ಕಡತದಲ್ಲಿ ನೆಟ್‌ವರ್ಕ್ ಟೈಮ್‌ಔಟ್ ಅನ್ನು 3 ಸೆಕೆಂಡಿಗೆ ಇಳಿಸಿ. ಡೆಬಿಯನ್‌ನಲ್ಲಿ ಆ ಕಡತ ಇಟಿಸಿ ಒಳಗಿನ ಎಲ್‌ಡ್ಯಾಪ್ ಫೋಲ್ಡರ್‌ನಲ್ಲಿರುತ್ತದೆ, ರೆಡ್ ಹ್ಯಾಟ್‌ನಲ್ಲಿ ಓಪನ್‌ಎಲ್‌ಡ್ಯಾಪ್ ಫೋಲ್ಡರ್‌ನಲ್ಲಿ. ನಂತರ 389 ಅಥವಾ 636, ನೀವು ಬಳಸುವ ಪೋರ್ಟಿನ ಪ್ಯಾಕೆಟ್‌ಗಳನ್ನು ಫೈರ್‌ವಾಲ್‌ನಲ್ಲಿ ಡ್ರಾಪ್ ಮಾಡಿ (ಉತ್ತರ ಕೊಡದೆ ನುಂಗಿಸಿ) ಪರೀಕ್ಷಿಸಿ. ರಿಜೆಕ್ಟ್ ಮಾಡಿದರೆ ನಿರಾಕರಣೆಯ ಉತ್ತರ ತಕ್ಷಣ ಬಂದು ಮತ್ತೆ ಅದೇ ಸುಳ್ಳು ಭರವಸೆ ಸಿಗುತ್ತದೆ.

ಇದೂ ಎಲ್ಲಕ್ಕೂ ಮದ್ದಲ್ಲ. ಮೊದಲ ಸರ್ವರ್ ಕನೆಕ್ಷನ್ ಒಪ್ಪಿಕೊಂಡು ಆಮೇಲೆ ಸುಮ್ಮನಾದರೆ ಲೈಬ್ರರಿ ಎರಡನೆಯದಕ್ಕೆ ಹೋಗುವುದಿಲ್ಲ. ಅದಕ್ಕೆ ಎರಡೂ ಸರ್ವರ್‌ಗಳ ಮುಂದೆ, ಸರಿಯಿರುವ ಸರ್ವರ್‌ಗೆ ಕನೆಕ್ಷನ್ ಕಳಿಸುವ ಎಚ್‌ಎ-ಪ್ರಾಕ್ಸಿಯಂಥ ಮಧ್ಯವರ್ತಿಯನ್ನು ನಿಲ್ಲಿಸಿ, ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡದೆ ಬೈಂಡ್ (ಎಲ್‌ಡ್ಯಾಪ್ ಲಾಗಿನ್) ಮಾಡಿ ಪರೀಕ್ಷಿಸುವ ಹೆಲ್ತ್ ಚೆಕ್ ಹಾಕಿಸಿ.