ಹೋಮ್ಸ್ ಹಾಗ್ವಾರ್ಟ್ಸ್‌ಗೆ ಹೋಗಬೇಕಾ, ಮಾಂತ್ರಿಕರೇ ಬೇಕರ್ ಸ್ಟ್ರೀಟ್‌ಗೆ ಬರಬೇಕಾ?

ಹಾಗ್ವಾರ್ಟ್ಸ್ ಅಂದರೆ ಹ್ಯಾರಿ ಪಾಟರ್ ಕಥೆಗಳ ಮಾಂತ್ರಿಕ ಶಾಲೆ, ಬೇಕರ್ ಸ್ಟ್ರೀಟ್ ಅಂದರೆ ಪತ್ತೇದಾರ ಷರ್ಲಾಕ್ ಹೋಮ್ಸ್ ಮನೆ ಇರುವ ಲಂಡನ್ ರಸ್ತೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೇಕರ್ ಸ್ಟ್ರೀಟ್‌ಗೆ.

ಷರ್ಲಾಕ್ ಹೋಮ್ಸ್ ಮತ್ತು ಹ್ಯಾರಿ ಪಾಟರ್ ಲೋಕಗಳನ್ನು ಬೆರೆಸಿ ಅಭಿಮಾನಿಗಳು ಬರೆಯುವ ಕ್ರಾಸ್‌ಓವರ್ ಕಥೆಗಳಲ್ಲಿ ನಾನು ಓದಿದ್ದು ಹೆಚ್ಚಾಗಿ ಎರಡು ಬಗೆ. ಒಂದರಲ್ಲಿ ಹೋಮ್ಸೇ ಮಂತ್ರದಂಡ ಹಿಡಿಯುತ್ತಾನೆ. ಇನ್ನೊಂದರಲ್ಲಿ ಅವನು ಮಾಮೂಲಿ ಮನುಷ್ಯ, ಮಗಲ್. ಮಾಂತ್ರಿಕರೇ ಕಷ್ಟಕ್ಕೆ ಸಿಕ್ಕಿ ಅವನ ಮೆಟ್ಟಿಲು ಹತ್ತುತ್ತಾರೆ.

ಮೊದಲ ಬಗೆಯ ಒಂದು ಉದ್ದನೆಯ ಕಥೆಯನ್ನು, ಎರಡೇ ಅಧ್ಯಾಯ ಓದಿದ ಖುಷಿಯಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. 340 ರೂಪಾಯಿ. ಶುರು ನಿಜಕ್ಕೂ ಚೆನ್ನಾಗಿತ್ತು. ಹೋಮ್ಸ್ 1891ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜಲಪಾತದ ಹತ್ತಿರ ಕಾಣೆಯಾಗಿ 1894ರಲ್ಲಿ ಲಂಡನ್‌ಗೆ ವಾಪಸ್ ಬರುತ್ತಾನಲ್ಲ, ಆ ಮೂರು ವರ್ಷ ಅವನು ಹಾಗ್ವಾರ್ಟ್ಸ್‌ನಲ್ಲಿ ಪಾಠ ಮಾಡುತ್ತಿದ್ದ ಅಂತ ಕಥೆ. ಮುಂದೆ ಹ್ಯಾರಿಯ ಕಾಲಕ್ಕೆ ಹೆಡ್‌ಮಾಸ್ಟರ್ ಆಗುವ ಡಂಬಲ್‌ಡೋರ್ ಶಾಲೆಗೆ ಸೇರಿದ್ದೂ 1892ರಲ್ಲಿ, ಹಾಗಾಗಿ ಮುಂದಿನ ಬೆಂಚಿನಲ್ಲಿ ಹನ್ನೊಂದು ವರ್ಷದ ಆ ಹುಡುಗ ಕೂತಿರುತ್ತಾನೆ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತು ಅಲ್ವಾ!

ಆದರೆ ಮೊದಲ ಕೊಲೆ ನಡೆದ ಕೂಡಲೇ ಎಲ್ಲ ಹಳಿ ತಪ್ಪಿತು. ಅನುಮಾನ ಇದ್ದವನ ಬಾಯಿಗೆ ಹೋಮ್ಸ್ ನಿಜ ಕಕ್ಕಿಸುವ ಮದ್ದು ವೆರಿಟಾಸೆರಮ್ ಮೂರು ಹನಿ ಹಾಕಿದ, ಅವನು ಎಲ್ಲ ಕಕ್ಕಿದ, ಮುಗಿಯಿತು. ಇಷ್ಟಕ್ಕೆ ಹೋಮ್ಸ್ ಯಾಕೆ ಬೇಕಿತ್ತು?

ಇದು ಈ ಒಂದು ಕಥೆಯ ತೊಡಕಲ್ಲ. ಮಂತ್ರದಂಡ ಕೊನೆಗೆ ಹಾಕಿದ ಮಂತ್ರ ಯಾವುದು ಅಂತ ತೋರಿಸುವ ಮಂತ್ರ ಇದೆ, ಇನ್ನೊಬ್ಬರ ನೆನಪಿನೊಳಗೆ ಇಳಿದು ನೋಡುವ ಪೆನ್ಸೀವ್ ಇದೆ. ಇವೆಲ್ಲ ಪತ್ತೇದಾರನ ಕೈಯಲ್ಲೇ ಇದ್ದರೆ ಅವನು ಸಿಗಾರ್ ಬೂದಿ, ಬೂಟಿನ ಗುರುತು ನೋಡುತ್ತಾ ಕೂರುವುದು ಯಾಕೆ? ಬರೆಯುವವರು ಪ್ರತಿ ಸಲ ಒಂದು ನೆಪ ಹುಡುಕಬೇಕು. ಮದ್ದು ಖಾಲಿ, ದಂಡ ಮುರಿದಿದೆ, ಸಾಕ್ಷಿಯ ನೆನಪನ್ನೇ ಯಾರೋ ತಿದ್ದಿದ್ದಾರೆ. ಮೂರನೇ ನೆಪಕ್ಕೆ ನನಗೆ ಸಾಕಾಯಿತು, ಬೈಂಡ್ ಮಾಡಿಸಿದ್ದು ಅರ್ಧಕ್ಕೇ ನಿಂತಿದೆ.

ಎರಡನೇ ಬಗೆಯಲ್ಲಿ ಈ ಕಾಟ ಇಲ್ಲ. ಒಂದು ಚಿಕ್ಕ ಕಥೆಯಲ್ಲಿ ಹೊರಗೆ ಜೋರು ಮಳೆ, ಬಂದವನ ಬೂಟಿಗೆ ಒಂದು ಚೂರೂ ಕೆಸರಿಲ್ಲ, ಕೋಟು ಒಣಗಿದೆ, ಆದರೆ ಎರಡೂ ಭುಜದ ಮೇಲೆ ಮಸಿ. ನೀವು ಬಾಗಿಲಿಂದ ಬಂದವರಲ್ಲ, ಒಲೆಯ ಚಿಮಣಿಯಿಂದ ಬಂದವರು ಅನ್ನುತ್ತಾನೆ ಹೋಮ್ಸ್. ಮಾಂತ್ರಿಕರು ಒಲೆಯಿಂದ ಒಲೆಗೆ ಹೋಗಲು ಬಳಸುವ ಫ್ಲೂ ಪೌಡರ್ ಅಂದರೆ ಅವನಿಗೆ ಏನಂತಲೇ ಗೊತ್ತಿಲ್ಲ! ಓದುವ ನಮಗೆ ಗೊತ್ತು, ಅವನು ಬರೀ ಕಣ್ಣಿಂದ ಅಲ್ಲಿಗೆ ಬರುತ್ತಾನೆ. ಆ ಸಾಲನ್ನು ನಾನು ಎರಡು ಸಲ ಓದಿದೆ.

ಹೋಮ್ಸ್‌ನ ಕೇಸುಗಳನ್ನು ಬರೆದಿಡುವ ಗೆಳೆಯ ವಾಟ್ಸನ್ ವಿಷಯ ಇನ್ನೂ ಇಷ್ಟ. ಕೇಸು ಮುಗಿದ ಮೇಲೆ ಮಾಂತ್ರಿಕರ ಸರ್ಕಾರದವರು ಬಂದು ಅವನ ನೆನಪು ಅಳಿಸುತ್ತಾರೆ, ಆದರೆ ಬರೆದಿಟ್ಟ ಹಾಳೆಗಳು ಚೇರಿಂಗ್ ಕ್ರಾಸ್‌ನ ಬ್ಯಾಂಕಿನಲ್ಲಿರುವ ಅವನ ತಗಡಿನ ಪೆಟ್ಟಿಗೆ ಸೇರಿರುತ್ತವೆ. ಪೆಟ್ಟಿಗೆ ಮೂಲ ಕಥೆಯಲ್ಲೇ ಇದೆ. ಹ್ಯಾರಿ ಪಾಟರ್‌ನಲ್ಲಿ ಬರುವ ಮಾಂತ್ರಿಕರ ಪಬ್ ಲೀಕಿ ಕಾಲ್ಡ್ರನ್ ಇರುವುದೂ ಚೇರಿಂಗ್ ಕ್ರಾಸ್ ರಸ್ತೆಯಲ್ಲೇ.

ಟಿವಿಯ ಈಗಿನ ಕಾಲದ ಷರ್ಲಾಕ್ ಜೊತೆ ಬೆರೆಸಿದ್ದು ನನಗೆ ಬೇಡ, ಕುದುರೆಗಾಡಿ ಇಲ್ಲದ ಲಂಡನ್ ಸಪ್ಪೆ.

ರಾತ್ರಿ ಊಟ ಆದ ಮೇಲೆ ನನಗೆ ಸಿಗುವುದು ಅರ್ಧ ಗಂಟೆ. ಬೇಕರ್ ಸ್ಟ್ರೀಟ್ ಕಥೆಗಳು ಚಿಕ್ಕವು, ಎರಡು ರಾತ್ರಿಗೆ ಒಂದು ಕೇಸು ಮುಗಿಯುತ್ತದೆ. ಅಭಿಮಾನಿ ಕಥೆಗಳ ವೆಬ್‌ಸೈಟ್ ಆರ್ಕೈವ್ ಆಫ್ ಅವರ್ ಓನ್‌ನಲ್ಲಿ ಹೋಮ್ಸ್‌ನ ಮೂಲ ಲೇಖಕ ಕಾನನ್ ಡಾಯ್ಲ್ ಟ್ಯಾಗ್ ಆರಿಸಿ, ಕ್ರಾಸ್‌ಓವರ್ ಮಾತ್ರ ತೋರಿಸು ಅಂತ ಒತ್ತಿ, ಇಪಬ್ (ಇ-ಪುಸ್ತಕದ ಫೈಲ್) ಇಳಿಸಿಕೊಂಡು ಫೋನಿನಲ್ಲೇ ಓದುತ್ತೇನೆ. ದುಡ್ಡು ಕೊಡಬೇಕಿಲ್ಲ. ಇನ್ನು ಪ್ರಿಂಟ್ ಹಾಕಿಸಿದರೆ ಆ ಮಸಿ ಮೆತ್ತಿದ ಕೋಟಿನ ಕಥೆಯನ್ನೇ.