104 ದಿನ ಹಡಗಿನಲ್ಲಿ ಸಂಸಾರ: ನಮ್ಮ ಅನುಭವ

ಜನವರಿ ಮೊದಲ ವಾರ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹಡಗು ಹತ್ತಿದೆವು. ಪನಾಮಾ ಕಾಲುವೆ, ಸ್ಯಾನ್ ಫ್ರಾನ್ಸಿಸ್ಕೊ, ಹೊನೊಲುಲು, ಸಮೋವಾ, ಆಕ್ಲೆಂಡ್, ಸಿಡ್ನಿ, ಸಿಂಗಪುರ, ಕೊಲಂಬೊ, ಮಾರಿಷಸ್, ಕೇಪ್‌ಟೌನ್ ಎಲ್ಲ ಸುತ್ತಿ 104ನೇ ದಿನ ಅದೇ ಸೌತಾಂಪ್ಟನ್‌ನಲ್ಲಿ ಇಳಿದೆವು. ನಾವಿಬ್ಬರೂ ನಿವೃತ್ತರು, ಮೈಸೂರಿನವರು. ನಮ್ಮ ಪಿಎಫ್ ದುಡ್ಡಿನ ದೊಡ್ಡ ಪಾಲು ಇದಕ್ಕೇ ಹೋಯಿತು. ಹಾಗಾಗಿ ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಭಾಗ ಈ ತರಹದ ಯಾವ ಹಡಗಿಗೂ ಹೊಂದುತ್ತದೆ.

ಬ್ರೋಷರ್ ತುಂಬ ಊರುಗಳ ಫೋಟೊ ಇರುತ್ತದೆ. ಆದರೆ ಈ 104 ದಿನದಲ್ಲಿ ನಾವು ನೆಲಕ್ಕೆ ಕಾಲಿಟ್ಟಿದ್ದು 34 ದಿನ. ಉಳಿದದ್ದೆಲ್ಲ ನೀರು. ಹತ್ತು ದಿನದ ಕ್ರೂಸ್ ಆದರೆ ಅದು ಪ್ರವಾಸ. ನೂರು ದಿನ ಅಂದರೆ ಹೊಸ ಮನೆಯಲ್ಲಿ ಸಂಸಾರ ಹೂಡಿದ ಹಾಗೆ. ಯಾವ ಊರಿಗೆ ಹೋಗುತ್ತದೆ ಅನ್ನೋದಕ್ಕಿಂತ ಬಟ್ಟೆ ಎಲ್ಲಿ ಒಗೆಯುವುದು, ಮಧ್ಯಾಹ್ನ ಎಲ್ಲಿ ಕೂರುವುದು, ರಾತ್ರಿ ನಿದ್ದೆ ಬರುತ್ತದಾ ಅನ್ನೋದೇ ಮುಖ್ಯ ಆಗುತ್ತದೆ. ಬುಕ್ ಮಾಡುವ ಮುಂಚೆ ಇದನ್ನೇ ಕೇಳಿ.

ನಮ್ಮ ಕೋಣೆ ಕೆಳಗಿನ ಡೆಕ್‌ನಲ್ಲಿ, ಹಡಗಿನ ನಟ್ಟನಡುವೆ ಇತ್ತು. ಬಾಲ್ಕನಿ ಇಲ್ಲ, ಬರೀ ಕಿಟಕಿ. ಇದು ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಹಡಗು ಓಲಾಡುವಾಗ ಮೂತಿ, ಬಾಲ ಮತ್ತು ಮೇಲಿನ ಮಹಡಿಗಳು ಜಾಸ್ತಿ ತೂಗುತ್ತವೆ. ನಡು ಅಷ್ಟು ತೂಗುವುದಿಲ್ಲ. ಕೋಣೆ ಚಿಕ್ಕದು, ಇನ್ನೂರು ಚದರಡಿ ಇರಬಹುದು. ಆದರೆ ಗೋಡೆಯೆಲ್ಲ ಉಕ್ಕಿನದು, ಮ್ಯಾಗ್ನೆಟ್ ಹಿಡಿಯುತ್ತದೆ! ಮಗಳು ಹೇಳಿದ್ದಳು ಅಂತ ಒಂದು ಡಜನ್ ಮ್ಯಾಗ್ನೆಟ್ ಕೊಕ್ಕೆ ತೆಗೆದುಕೊಂಡು ಹೋಗಿದ್ದೆ. ಟೋಪಿ, ಚೀಲ, ಟವೆಲ್, ದಿನದ ಕಾರ್ಯಕ್ರಮದ ಹಾಳೆ ಎಲ್ಲ ಗೋಡೆಗೇ ತೂಗಿದವು. ಕಿಟಕಿಯ ಪಕ್ಕದಲ್ಲಿ ಚಾಮುಂಡಿ ತಾಯಿಯ ಚಿಕ್ಕ ಫೋಟೊ. ಬೆಂಕಿ ಹಚ್ಚುವ ಹಾಗಿಲ್ಲ, ಊದುಬತ್ತಿಯೂ ಇಲ್ಲ. ಬ್ಯಾಟರಿ ದೀಪ ಇಟ್ಟೆ. ಬೆಳಗ್ಗೆ ಕಿಟಕಿಯಲ್ಲಿ ಬರೀ ನೀಲಿ, ಅದರ ಪಕ್ಕದಲ್ಲಿ ತಾಯಿ. ಅಷ್ಟು ನೋಡಿದರೆ ಸಾಕು, ಮನೆಯಲ್ಲೇ ಇದ್ದೇನೆ ಅನ್ನಿಸುತ್ತಿತ್ತು.

ಇಸ್ತ್ರಿಪೆಟ್ಟಿಗೆ ಕೋಣೆಗೆ ಒಯ್ಯುವ ಹಾಗಿಲ್ಲ, ಎಕ್ಸ್‌ಟೆನ್ಶನ್ ಬೋರ್ಡೂ ಕಿತ್ತಿಟ್ಟುಕೊಳ್ಳುತ್ತಾರೆ. ಇಸ್ತ್ರಿ ಮಾಡುವುದು ಬಟ್ಟೆ ಒಗೆಯುವ ಕೋಣೆಯಲ್ಲೇ ಆಗಬೇಕು. ಸಮುದ್ರದ ದಿನ ಬೆಳಗ್ಗೆ ಹತ್ತಕ್ಕೆ ಅಲ್ಲಿಗೆ ಹೋಗಲೇಬೇಡಿ, ಸರದಿ ಸಿಗುವುದಿಲ್ಲ. ನಾನು ರಾತ್ರಿ ಊಟದ ಹೊತ್ತಿಗೆ ಹೋಗುತ್ತಿದ್ದೆ. ಒಂದು ಥರದ ಶಾಂತಿ ಇರುತ್ತಿತ್ತು. ಕಾಟನ್ ಸೀರೆ ನಾಲ್ಕೇ ಸಾಕು, ಉಳಿದದ್ದು ಸಿಂಥೆಟಿಕ್ ಇರಲಿ.

ಊಟದ ವಿಷಯ ಸ್ವಲ್ಪ ಉದ್ದಕ್ಕೇ ಬರೆಯಬೇಕು. ಸಸ್ಯಾಹಾರಿ ಅಂತ ಬುಕ್ಕಿಂಗ್‌ನಲ್ಲೇ ಹಾಕಿಸಿದ್ದೆವು. ಹಡಗಿಗೆ ಬಂದ ಮೊದಲ ರಾತ್ರಿಯೇ ಹೆಡ್ ವೇಟರ್ ಹತ್ತಿರ ಮಾತಾಡಿ, ಮಾರನೇ ದಿನದ ಮೆನು ಹಿಂದಿನ ರಾತ್ರಿಯೇ ತರಿಸಿ ನೋಡುವ ಅಭ್ಯಾಸ ಮಾಡಿಕೊಂಡೆವು. ಅಡುಗೆಮನೆಯಲ್ಲಿ ಭಾರತದವರು ಇದ್ದೇ ಇರುತ್ತಾರೆ. ಬೇಳೆ, ಪಲ್ಯ, ಚಪಾತಿಗೆ ಕೊರತೆ ಆಗಲಿಲ್ಲ. ಹಾಲು ಮಾತ್ರ ಡಬ್ಬದ ಹಾಲು. ಕಾಫಿಗೆ ಆ ರುಚಿ ಬರಲೇ ಇಲ್ಲ, 104 ದಿನವೂ.

ಮೂರನೇ ದಿನ ಅಟ್ಲಾಂಟಿಕ್ ಕೆರಳಿತು. ಜನವರಿಯಲ್ಲಿ ಅಲ್ಲಿ ಹಾಗೇ ಅಂತೆ. ನಾನು ಹಾಸಿಗೆಯಿಂದ ತಲೆ ಎತ್ತಲಿಲ್ಲ. ಹಸಿರು ಸೇಬು, ಶುಂಠಿ ಬಿಸ್ಕತ್ತು ಕಳಿಸಿದರು, ಯಾವುದೂ ನಿಲ್ಲಲಿಲ್ಲ. ನಮ್ಮ ಟೇಬಲ್ಲಿನ ವೇಟರ್ ಮೂಲ್ಕಿ ಕಡೆಯ ಹುಡುಗ. ನಾನು ಊಟಕ್ಕೆ ಬಂದಿಲ್ಲ ಅಂತ ನೋಡಿ, ಮೇಲಿನವರನ್ನು ಕೇಳಿಕೊಂಡು ಸಂಜೆ ಕೋಣೆಗೇ ಬಂದ. "ಅಮ್ಮ, ಗಂಜಿ ತಂದಿದ್ದೇನೆ. ಕುಚ್ಚಲಕ್ಕಿ ಅಲ್ಲ, ಬೆಳ್ತಿಗೆ ಅಕ್ಕಿ. ಉಪ್ಪಿನಕಾಯಿ ನಮ್ಮ ಅಮ್ಮ ಹಾಕಿದ್ದು" ಅಂದ. ಸ್ಟೀಲ್ ಬಟ್ಟಲು, ಮೇಲೆ ತಟ್ಟೆ ಮುಚ್ಚಿತ್ತು, ಬದಿಯಲ್ಲಿ ಒಂದೇ ಒಂದು ಮಿಡಿ. ಎರಡು ದಿನದ ನಂತರ ಹೊಟ್ಟೆಯಲ್ಲಿ ನಿಂತ ಮೊದಲ ಅನ್ನ ಅದು. ಅವನು ಮನೆ ಬಿಟ್ಟು ಆಗಲೇ ಆರು ತಿಂಗಳಾಗಿತ್ತು. ಮಗು ಅಂಬೆಗಾಲಿಡುವುದನ್ನು ಫೋನಿನಲ್ಲೇ ನೋಡಿದ್ದನಂತೆ. ಟಿಪ್ಸ್ ಹಣ ದಿನಕ್ಕಿಷ್ಟು ಅಂತ ನಮ್ಮ ಲೆಕ್ಕಕ್ಕೆ ತಾನಾಗಿ ಸೇರುತ್ತದೆ. ಆದರೂ ನಿಮ್ಮನ್ನು ನೋಡಿಕೊಂಡವರ ಕೈಗೆ ಬೇರೆಯಾಗಿ ಕೊಡಿ. ದಯವಿಟ್ಟು ಕೊಡಿ.

ಇನ್ನೊಂದು ಸಲಹೆ. ಪಶ್ಚಿಮಕ್ಕೆ ಹೋಗುವ ಹಡಗನ್ನೇ ಆರಿಸಿ. ಕೆಲವು ದಿನಕ್ಕೊಮ್ಮೆ ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಒಂದು ಗಂಟೆ ನಿದ್ದೆ ಜಾಸ್ತಿ ಸಿಗುತ್ತದೆ. ಪೂರ್ವಕ್ಕೆ ಹೋದರೆ ಅಷ್ಟೇ ನಿದ್ದೆ ಕಳೆದುಕೊಳ್ಳುತ್ತೀರಿ. ನಮ್ಮ ವಯಸ್ಸಿಗೆ ಅದು ಸಣ್ಣ ವಿಷಯ ಅಲ್ಲ. ಹೊನೊಲುಲು ಮುಟ್ಟುವ ಹೊತ್ತಿಗೆ ಮೈಸೂರಿಗಿಂತ ಹದಿನೈದೂವರೆ ಗಂಟೆ ಹಿಂದಿದ್ದೆವು. ಮೊಮ್ಮಗನಿಗೆ ಗುಡ್ ಮಾರ್ನಿಂಗ್ ಹೇಳಲು ನಾವು ಹಿಂದಿನ ದಿನ ಮಧ್ಯಾಹ್ನ ಫೋನ್ ಮಾಡಬೇಕಿತ್ತು.

ಅಲ್ಲಿಂದ ಸಮೋವಾಕ್ಕೆ ಹೋಗುವಾಗ ದಿನರೇಖೆ, ಅಂದರೆ ಭೂಪಟದಲ್ಲಿ ತಾರೀಖು ಬದಲಾಗುವ ಗೆರೆ ದಾಟುತ್ತೇವೆ. ಮಲಗಿದ್ದು ಶುಕ್ರವಾರ, ಎದ್ದದ್ದು ಭಾನುವಾರ. ನಾನು ಮೂವತ್ತು ವರ್ಷದಿಂದ ಶನಿವಾರ ಒಪ್ಪೊತ್ತು ಮಾಡುವವಳು. ಶನಿವಾರವೇ ಇಲ್ಲ ಅಂದರೆ ಏನು ಮಾಡುವುದು? ಮನಸ್ಸಿಗೆ ತುಂಬ ಕಸಿವಿಸಿ ಆಯಿತು. ನಮ್ಮನೆಯವರು ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದರು. ನಾವು ನಿದ್ದೆಯಲ್ಲಿದ್ದಾಗ ಮೈಸೂರಿನಲ್ಲಿ ಶನಿವಾರ ಸಂಜೆ. ಮಗಳು ದೇವರ ಮುಂದೆ ದೀಪ ಹಚ್ಚಿದ್ದು ಆಗಲೇ. ನಾನು ಭಾನುವಾರ ಒಪ್ಪೊತ್ತು ಮಾಡಿದೆ. ಆಮೇಲೆ ಸಮೋವಾದ ರಾಜಧಾನಿ ಆಪಿಯಾದಲ್ಲಿ ಟ್ಯಾಕ್ಸಿಯವನು ಹೇಳಿದ, ಅವರ ದೇಶವೇ 2011ರಲ್ಲಿ ರೇಖೆಯ ಆ ಕಡೆಯಿಂದ ಈ ಕಡೆಗೆ ಬಂದದ್ದಂತೆ. ಆ ವರ್ಷ ಸಮೋವಾದಲ್ಲಿ ಡಿಸೆಂಬರ್ 30 ಬರಲೇ ಇಲ್ಲ. ಇಡೀ ದೇಶ ಒಂದು ಶುಕ್ರವಾರ ಬಿಟ್ಟುಕೊಟ್ಟಿದೆ ಅಂತ ಕೇಳಿ ನನಗೆ ಎಷ್ಟೋ ಸಮಾಧಾನ.

ಪನಾಮಾ ಕಾಲುವೆಯ ದಿನ ಬೆಳಗಿನ ಜಾವವೇ ಎದ್ದು ಮುಂದಿನ ಡೆಕ್‌ಗೆ ಹೋಗಿ. ಗೇಟು ಹಾಕಿದ ದೊಡ್ಡ ತೊಟ್ಟಿಗಳಲ್ಲಿ ಮೂರು ಮೆಟ್ಟಿಲಾಗಿ ನೀರು ತುಂಬಿಸಿ ಇಷ್ಟು ದೊಡ್ಡ ಹಡಗನ್ನು 26 ಮೀಟರ್ ಮೇಲಕ್ಕೆ, ಗಾಟುನ್ ಕೆರೆಗೆ ಎತ್ತುತ್ತಾರೆ. ಆ ಕಡೆ ಮತ್ತೆ ಇಳಿಸುತ್ತಾರೆ. ಪಂಪೇ ಇಲ್ಲ, ಕೆರೆಯ ನೀರು ತಾನಾಗಿ ಹರಿದು ತುಂಬುತ್ತದೆ. 1914ರಿಂದ ಹೀಗೇ ನಡೆಯುತ್ತಿದೆ.

ಈಗ ಬೇಸರದ ಮಾತು. ಒಂದು ದ್ವೀಪದಲ್ಲಿ ಅಲೆ ಜಾಸ್ತಿ ಅಂತ ಚಿಕ್ಕ ದೋಣಿ ಇಳಿಸಲಿಲ್ಲ, ದೂರದಿಂದ ನೋಡಿ ಮುಂದೆ ಹೋದೆವು. ಅದು ಯಾರ ತಪ್ಪೂ ಅಲ್ಲ. ಆದರೆ ಬಂದರಿನ ತೆರಿಗೆ ವಾಪಸ್ ಪಡೆಯಲು ನಾಲ್ಕು ಸಲ ಕೌಂಟರಿಗೆ ಅಲೆಸಿದ್ದು ತಪ್ಪು. ಹಡಗಿನ ಆಸ್ಪತ್ರೆಯಲ್ಲಿ ನಮ್ಮನೆಯವರಿಗೆ ಎರಡು ಸಲ ನೋಡಿ ಒಂದು ಡ್ರಿಪ್ ಹಾಕಿದ್ದಕ್ಕೆ ಬಂದ ಬಿಲ್ ನನ್ನ ತಿಂಗಳ ಪಿಂಚಣಿಗಿಂತ ಜಾಸ್ತಿ. ಎಷ್ಟಾಗುತ್ತದೆ ಅಂತ ಮೊದಲೇ ಹೇಳಲಿಲ್ಲ. ಡಾಕ್ಟರ್ ಚೆನ್ನಾಗಿಯೇ ನೋಡಿದರು, ಆ ಮಾತೂ ಹೇಳಬೇಕು. ವಿಮೆ ತೆಗೆಯುವಾಗ ಪೂರ್ತಿ ಅಷ್ಟೂ ದಿನಕ್ಕೆ ಇದೆಯಾ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಒಂದು ಪ್ರಯಾಣಕ್ಕೆ ಇಷ್ಟೇ ದಿನ ಅಂತ ಮಿತಿ ಇರುತ್ತದೆ.

ನಮ್ಮ ಪಾಸ್‌ಪೋರ್ಟಿನವರಿಗೆ ವೀಸಾದ್ದೇ ದೊಡ್ಡ ಕೆಲಸ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಒಂದೊಂದಕ್ಕೂ ಬೇರೆ ಬೇರೆ. ಒಂದು ವರ್ಷ ಮೊದಲೇ ಶುರು ಮಾಡಿ. ಆಕ್ಲೆಂಡಿನಲ್ಲಿ ಇಳಿಯುವಾಗ ಚೀಲದಲ್ಲಿ ಒಂದು ಬಾಳೆಹಣ್ಣೂ ಇರಬಾರದು. ಹೇಳದೆ ಒಯ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ. ಚಟ್ನಿಪುಡಿ, ಉಪ್ಪಿನಕಾಯಿ ಕೋಣೆಯಲ್ಲೇ ಬಿಟ್ಟು ಇಳಿಯಿರಿ.

ಮತ್ತೆ ಹೋಗುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಹೋಗುತ್ತೇವೆ, ಆದರೆ ಪೂರ್ತಿ ಅಲ್ಲ. ಇಂಥ ಯಾನವನ್ನು ತುಂಡು ತುಂಡಾಗಿಯೂ ಮಾರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಸಿಡ್ನಿವರೆಗಿನ ಭಾಗಕ್ಕೆ ವಿಚಾರಿಸಿದ್ದೇವೆ. ಅದೇ ಕೆಳಗಿನ ಡೆಕ್, ನಡುವಿನ ಕೋಣೆಯೇ ಬೇಕು ಅಂದಿದ್ದೇವೆ. ಮ್ಯಾಗ್ನೆಟ್ ಕೊಕ್ಕೆಗಳು ಸೂಟ್‌ಕೇಸಿನಲ್ಲೇ ಇವೆ.