ಏಳು ವರ್ಷದ ಮಲ್ಟಿಮೀಟರ್, ನಲವತ್ತು ವರ್ಷದ ಪದ್ಮಿನಿ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1984ರ ಮಾಡೆಲ್. ಅಪ್ಪ ಕೊಂಡ ಗಾಡಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ. ಅದರ ಡ್ಯಾಶ್‌ಬೋರ್ಡಿನೊಳಗೆ ಏಳು ವರ್ಷದಿಂದ ಒಂದು ಹಳದಿ ಡಿಜಿಟಲ್ ಮಲ್ಟಿಮೀಟರ್ ಇದೆ, ವೋಲ್ಟ್, ಓಮ್ ಎಲ್ಲ ಅಳೆಯುವ ಪುಟ್ಟ ಸಾಧನ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 900 ರೂಪಾಯಿಗೆ ತಂದದ್ದು. ಹಳೇ ಗಾಡಿ ಇಟ್ಟುಕೊಂಡವರು ಮೊದಲು ಇದನ್ನು ತಗೊಳ್ಳಿ, ಸ್ಪೇರ್ ಪಾರ್ಟ್ಸ್ ಆಮೇಲೆ ನೋಡೋಣ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾಕೆ ಅಂತ ಬರೆಯುತ್ತೇನೆ.

ಮೀಟರ್ ತಂದ ವರ್ಷ ಗಾಡಿ ಬೆಳಗ್ಗೆ ಹೊತ್ತು ಸ್ಟಾರ್ಟ್ ಆಗುತ್ತಲೇ ಇರಲಿಲ್ಲ. ಸೆಲ್ಫ್ ಹೊಡೆದರೆ ಎಂಜಿನ್ ನರಳಿಕೊಂಡು ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಗ್ಯಾರೇಜಿನವರು ಬ್ಯಾಟರಿ ಹೋಗಿದೆ ಅಂದರು. ಹೊಸದು ಹಾಕಿಸಿದೆ. ಎರಡು ವಾರಕ್ಕೆ ಮತ್ತೆ ಅದೇ ಪಾಡು. ಸೆಲ್ಫ್ ಮೋಟಾರ್ ಬಿಚ್ಚಿ ಕಾರ್ಬನ್ ಬ್ರಶ್, ಬುಶ್ ಎಲ್ಲ ಬದಲಿಸಿದರು. ಆದರೂ ಅದೇ ನರಳಾಟ. ಅಷ್ಟು ಹೊತ್ತಿಗೆ ಏಳೆಂಟು ಸಾವಿರ ಕೈಬಿಟ್ಟಿತ್ತು. ಯಾರೂ ಒಂದು ಸಲವಾದರೂ ಅಳೆದು ನೋಡಿರಲಿಲ್ಲ.

ಮೀಟರ್ ತಂದ ದಿನ ನಾನೂ ತಪ್ಪು ದಾರಿ ಹಿಡಿದೆ. ವೈರ್ ಕಡಿಯದೆ ಇದ್ದರೆ ಬೀಪ್ ಶಬ್ದ ಬರುವ ಸೆಟ್ಟಿಂಗ್ ಇಟ್ಟು ಎಲ್ಲ ದಪ್ಪ ಕೇಬಲ್‌ಗಳನ್ನೂ ಒಂದೊಂದಾಗಿ ನೋಡಿದೆ. ಎಲ್ಲದಕ್ಕೂ ಬೀಪ್ ಬಂತು. ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಗೂ ಬಂತು. ಸರಿ, ವೈರಿಂಗ್ ಚೆನ್ನಾಗಿದೆ ಅಂದುಕೊಂಡೆ.

ಬೀಪ್ ನಂಬಬೇಡಿ. ಈ ಪರೀಕ್ಷೆಯಲ್ಲಿ ಮೀಟರ್ ಹರಿಸೋದು ತೀರಾ ಸಣ್ಣ ಕರೆಂಟ್. ಕೇಬಲ್‌ನಲ್ಲಿ ನಾಲ್ಕು ಎಳೆ ಉಳಿದಿದ್ದರೂ ಅದು ಸರಾಗವಾಗಿ ದಾಟುತ್ತದೆ. ಸೆಲ್ಫ್ ಮೋಟಾರ್ ಎಳೆಯೋದು 100 ಆಂಪಿಯರ್‌ಗೂ ಜಾಸ್ತಿ. ಲೆಕ್ಕ ಹಾಕಿ ನೋಡಿ: ದಾರಿಯಲ್ಲಿ ಬರೀ 0.02 ಓಮ್ ಅಡ್ಡಿ ಇದ್ದರೂ 100 ಆಂಪಿಯರ್‌ಗೆ 2 ವೋಲ್ಟ್ ಅಲ್ಲೇ ಹೋಗುತ್ತದೆ. ನನ್ನ ಮೀಟರ್ ಓಮ್‌ನಲ್ಲಿ ತೋರಿಸೋದೇ 0.1ರಿಂದ. 0.02 ಅದರ ಕಣ್ಣಿಗೆ ಬೀಳೋದೇ ಇಲ್ಲ. ಅದಕ್ಕೇ ಗಾಡಿ ಸೆಲ್ಫ್ ಹೊಡೆಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು.

ಪ್ಲಗ್‌ಗಳಿಗೆ ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಅದನ್ನು ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವೈರ್ ಬಿಚ್ಚಿಟ್ಟೆ, ಎಂಜಿನ್ ಸ್ಟಾರ್ಟ್ ಆಗದಿರಲಿ ಅಂತ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮಗಳನ್ನು ಸೀಟಿನಲ್ಲಿ ಕೂರಿಸಿದೆ. ಸುಮ್ನೆ ನಿಂತಾಗ ಬ್ಯಾಟರಿ 12.6. ಸೆಲ್ಫ್ ಹೊಡೆದಾಗ ಬ್ಯಾಟರಿಯ ಗೂಟಗಳಲ್ಲಿ 10.9. ಅಂದರೆ ಬ್ಯಾಟರಿ ಗಟ್ಟಿ ಇದೆ. ಸೆಲ್ಫ್ ಮೋಟಾರಿನ ಟರ್ಮಿನಲ್‌ಗೂ ಅದರ ಬಾಡಿಗೂ ಇಟ್ಟರೆ 8.7 ಅಷ್ಟೇ. ನಡುವೆ 2.2 ವೋಲ್ಟ್ ಮಾಯ! ಆಮೇಲೆ ಮೀಟರ್‌ನ ಒಂದು ಕಡ್ಡಿ ಎಂಜಿನ್ ಬ್ಲಾಕ್‌ಗೆ, ಇನ್ನೊಂದು ಬ್ಯಾಟರಿಯ ಮೈನಸ್ ಗೂಟಕ್ಕೆ. ಇಲ್ಲಿ ಹೆಚ್ಚೆಂದರೆ ಅರ್ಧ ವೋಲ್ಟ್ ಇರಬೇಕು. ಬಂದದ್ದು 1.9.

ಅಷ್ಟರಲ್ಲಿ ಮಗಳು ಒಳಗಿನಿಂದ, "ಅಪ್ಪಾ, ಏನೋ ಸುಟ್ಟ ವಾಸನೆ ಬರ್ತಿದೆ" ಅಂದಳು. ಹೋಗಿ ಚೋಕ್‌ನ ಕೇಬಲ್ ಮುಟ್ಟಿದೆ. ಕೈ ಇಡೋಕೆ ಆಗದಷ್ಟು ಬಿಸಿ. ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ ಅಲ್ವಾ, ಬಾಡಿಗೆ ಕರೆಂಟ್ ಹೋಗೋಕೆ ಆ ಅರ್ತ್ ಪಟ್ಟಿಯೇ ದಾರಿ. ಅದು ಕೆಟ್ಟರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ನಮ್ಮ ಗಾಡಿಯಲ್ಲಿ ಅದು ಕಾರ್ಬೊರೇಟರ್‌ನಿಂದ ಚೋಕ್ ಕೇಬಲ್ ಹಿಡಿದು ಡ್ಯಾಶ್‌ಬೋರ್ಡಿಗೆ ಬರುತ್ತಿತ್ತು. ನಿಮ್ಮ ಹಳೇ ಗಾಡಿಯಲ್ಲೂ ಸೆಲ್ಫ್ ನಿಧಾನ ಆಗಿದ್ದು ಚೋಕ್ ಕೇಬಲ್ ಬಿಸಿಯಾಗುತ್ತಿದ್ದರೆ ಬೇರೆ ಏನನ್ನೂ ಬಿಚ್ಚಬೇಡಿ, ನೇರ ಅರ್ತ್ ನೋಡಿ.

ಪಟ್ಟಿ ಬಿಚ್ಚಿದೆ. ತಾಮ್ರದ ಹೆಣಿಗೆ, ಮೇಲೆಲ್ಲ ಗ್ರೀಸ್ ಮೆತ್ತಿತ್ತು. ಒರೆಸಿ ಬಗ್ಗಿಸಿದರೆ ಬೋಲ್ಟ್ ಹತ್ತಿರ ಹಸಿರು ಪುಡಿ ಉದುರಿತು. ಹತ್ತು ಹನ್ನೆರಡು ಎಳೆ ಮಾತ್ರ ಹಿಡಿದುಕೊಂಡಿದ್ದವು. ಜೆ.ಸಿ. ರಸ್ತೆಯಿಂದ ಹೊಸದು ತರಿಸಿದೆ, 150 ರೂಪಾಯಿ. ಬಾಡಿಯ ಕಡೆ ಎಮೆರಿ ಪೇಪರ್‌ನಿಂದ ಪೇಂಟ್ ಉಜ್ಜಿ, ಲೋಹ ಹೊಳೆಯುವ ಹಾಗೆ ಮಾಡಿ ಬಿಗಿದೆ. ಮತ್ತೆ ಅಳೆದರೆ 0.2. ಮೊದಲ ಸೆಲ್ಫ್‌ಗೇ ಗಾಡಿ ಎದ್ದಿತು. ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ!

ಎರಡನೇ ದೊಡ್ಡ ಉಪಕಾರ ಒಂದು ಬೇಸಿಗೆಯಲ್ಲಿ. ನಂಜನಗೂಡಿನಲ್ಲಿ ನಿಲ್ಲಿಸಿ ಊಟ ಮಾಡಿ ಬಂದರೆ ಗಾಡಿ ಸ್ಟಾರ್ಟ್ ಇಲ್ಲ. ಬಿಸಿಗೆ ಪೆಟ್ರೋಲ್ ಆವಿಯಾಗಿರಬೇಕು ಅಂತ ಟ್ಯಾಕ್ಸಿಯವರ ಹಳೇ ಉಪಾಯ ಮಾಡಿದೆ, ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ. ಏನೂ ಆಗಲಿಲ್ಲ. ಪ್ಲಗ್ ವೈರ್ ಹಿಡಿದು ನೋಡಿದರೆ ಕಿಡಿಯೇ ಇಲ್ಲ. ವೈರ್ ಬಿಚ್ಚಿ ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್ ನಡುವೆ ಓಮ್ ಅಳೆದೆ, ಮೀಟರ್ ಓಎಲ್ ತೋರಿಸಿತು. ಒಳಗೆ ಸುರುಳಿ ಕಡಿದಿದೆ ಅಂತ ಅರ್ಥ. ಮುಕ್ಕಾಲು ಗಂಟೆ ನೆರಳಲ್ಲಿ ಕೂತು ಮತ್ತೆ ಅಳೆದರೆ 3.1, ಅಂದರೆ ಪೂರ್ತಿ ಸರಿ! ಬಿಸಿಯಾದಾಗ ಮಾತ್ರ ಬಿಟ್ಟುಕೊಳ್ಳುತ್ತಿತ್ತು. ಇಂಥ ಕಾಯಿಲ್ ತಣ್ಣಗಿರುವಾಗ ಗ್ಯಾರೇಜಿಗೆ ಹೋದರೆ ಯಾರಿಗೂ ಸಿಗೋದಿಲ್ಲ. ತೊಂದರೆ ಕೊಡುತ್ತಿರುವ ಹೊತ್ತಿಗೇ ಮೀಟರ್ ಕೈಯಲ್ಲಿರಬೇಕು. ಅದಕ್ಕೇ ಅದು ಗಾಡಿಯಲ್ಲೇ ಇರುತ್ತದೆ.

ಇನ್ನು ಮೀಟರ್‌ನ ಕೊರತೆಗಳು. ಜೊತೆಗೆ ಬಂದ ವೈರ್‌ಗಳು ಬಿರುಸು, ಎರಡೇ ವರ್ಷಕ್ಕೆ ಬುಡದಲ್ಲಿ ಬಿರುಕು ಬಿಟ್ಟವು. ಮೊಸಳೆ ಕ್ಲಿಪ್ ಇರುವ ಉದ್ದದ ವೈರ್ ಬೇರೆ ಕೊಂಡೆ. ಒಳಗಿನ 9 ವೋಲ್ಟ್ ಸೆಲ್ ಇಳಿದಾಗ ಸುಳ್ಳು ಲೆಕ್ಕ ತೋರಿಸುತ್ತದೆ, ಹೆಚ್ಚಾಗಿಯೇ ತೋರಿಸುತ್ತದೆ. ಒಮ್ಮೆ ನಿಂತ ಗಾಡಿಯ ಬ್ಯಾಟರಿಗೆ 14 ತೋರಿಸಿತ್ತು. ವರ್ಷಕ್ಕೊಂದು ಸಲ ಸೆಲ್ ಬದಲಿಸಿಬಿಡಿ. 10 ಆಂಪಿಯರ್ ತೂತಿಗೆ ವೈರ್ ಹಾಕಿ ಸೆಲ್ಫ್‌ನ ಕರೆಂಟ್ ಅಳೆಯಲು ಮಾತ್ರ ಹೋಗಬೇಡಿ, ತುಂಬಾ ಅಪಾಯ.

ಪೆಟ್ರೋಲ್ ಕಡೆಯ ತೊಂದರೆಗೆ ಇದು ಉಪಯೋಗಕ್ಕಿಲ್ಲ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್‌ಗೆ, ಸಂದು ಅಳೆಯುವ ಫೀಲರ್ ಗೇಜ್ ಬೇಕೇ ಬೇಕು. ಪಾಯಿಂಟ್‌ನ ಕಂಡೆನ್ಸರ್, ಅಂದರೆ ಕೆಪಾಸಿಟರ್, ನೋಡಲು ಅದನ್ನು ಅಳೆಯುವ ಸೆಟ್ಟಿಂಗ್ ಇರಬೇಕು, ನನ್ನದರಲ್ಲಿಲ್ಲ. ಈಗ ಕೊಳ್ಳೋದಾದರೆ ಅದಿರುವುದನ್ನೇ ತಗೊಳ್ಳುತ್ತೇನೆ. ಅತಿ ಕಡಿಮೆ ವೋಲ್ಟ್ ಹಿಡಿದಿಟ್ಟು ತೋರಿಸುವ ಬಟನ್ ಇದ್ದರೆ ಇನ್ನೂ ಒಳ್ಳೇದು. ಆಗ ಸೆಲ್ಫ್ ಹೊಡೆಯೋದಕ್ಕೆ ಇನ್ನೊಬ್ಬರು ಇಲ್ಲದಿದ್ದರೂ ನಡೆಯುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ವೈರ್‌ಗಳಿಗೆ.